ಗ್ರೀನ್‌ಲಾ ನಿಂತ ಜಾಗದಲ್ಲಿ: ಕ್ಯಾಮೆರಾ ಹಿಡಿದು ಹಂಪಿ–ಆನೆಗೊಂದಿ

ಹಂಪಿಯ ಕಲ್ಲಿನ ರಥಕ್ಕೆ ಒಂದು ಕಾಲದಲ್ಲಿ ಶಿಖರವಿತ್ತು. ರಥದ ಕಲ್ಲಿನ ಚಾವಣಿಯ ಮೇಲೆ ಇಟ್ಟಿಗೆ, ಗಾರೆಯಲ್ಲಿ ಕಟ್ಟಿದ ಶಿಖರ. ಆಮೇಲೆ ಅದನ್ನು ಇಳಿಸಿಬಿಟ್ಟರು. 2017ರಿಂದ ಚಲಾವಣೆಯಲ್ಲಿರುವ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಇರುವುದು ಶಿಖರವಿಲ್ಲದ ರಥ. ಇದ್ದ ಶಿಖರವನ್ನು ಕಣ್ಣಾರೆ ನೋಡಬೇಕೆಂದರೆ 1856ರಲ್ಲಿ ತೆಗೆದ ಫೋಟೊ ನೋಡಬೇಕು.

ಆ ಫೋಟೊ ತೆಗೆದವನು ಅಲೆಗ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. ಫೋಟೊಗ್ರಫಿ ಅವನ ಉದ್ಯೋಗವಲ್ಲ, ಹವ್ಯಾಸ. ಆ ವರ್ಷ ಅವನು ಹಂಪಿಯಲ್ಲಿ ಅರವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಮಾಡಿದ. ಗಾಜಿನ ಮೇಲಲ್ಲ, ಮೇಣ ಹಚ್ಚಿದ ಕಾಗದದ ಮೇಲೆ. ಎನ್‌ಲಾರ್ಜರ್ ಇಲ್ಲದ ಕಾಲ ಅದು. ಪ್ರಿಂಟ್ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕು. ಆದ್ದರಿಂದ ಅವನ ಒಂದೊಂದು ಹಾಳೆಯೂ ಸುಮಾರು ಒಂದೂವರೆ ಅಡಿ ಅಗಲ. ಅದಕ್ಕೆ ತಕ್ಕ ಮರದ ಪೆಟ್ಟಿಗೆ, ಸಿಲ್ವರ್ ನೈಟ್ರೇಟ್, ಗ್ಯಾಲಿಕ್ ಆಮ್ಲ, ಕತ್ತಲೆ ಮಾಡಿಕೊಳ್ಳಲು ಒಂದು ಏರ್ಪಾಡು, ಇಷ್ಟನ್ನೂ ಹೊತ್ತು ಆ ಬಂಡೆಗಳ ನಡುವೆ ಸುತ್ತಿದ್ದಾನೆ. ಮೇಣದ ಕಾಗದದಲ್ಲಿ ಒಂದು ಅನುಕೂಲವಿತ್ತು. ಮೊದಲೇ ಸಿದ್ಧಮಾಡಿಟ್ಟರೆ ಕೆಲವು ದಿನ ಕೆಡುತ್ತಿರಲಿಲ್ಲ. ಪ್ರಯಾಣ ಮಾಡುವವರಿಗೆ ಅದೇ ದೊಡ್ಡ ವರ. ತೊಂದರೆ ಎಂದರೆ ಬೆಳಕು ಬೀಳಿಸಲು ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ಓಡಾಡಿದ ಯಾರೂ ಕಾಗದದ ಮೇಲೆ ಉಳಿಯುವುದಿಲ್ಲ. ಹಾಗಾಗಿ ಗ್ರೀನ್‌ಲಾನ ಹಂಪಿ ನಿರ್ಜನ. ಕಲ್ಲು, ಗಿಡಗಂಟಿ, ಮೋಡವಿಲ್ಲದ ಬಿಳಿ ಆಕಾಶ. ಆ ಕಾಗದಕ್ಕೆ ನೀಲಿ ಬಣ್ಣ ಬೇಗ ತಾಗುತ್ತಿದ್ದುದರಿಂದ ಆಕಾಶವೆಲ್ಲ ಬರೀ ಬಿಳಿಯಾಗಿ ಬರುತ್ತಿತ್ತು.

ಈ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1980ರ ದಶಕದಲ್ಲಿ ವಿದ್ವಾಂಸರಾದ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯನ್ನು ಅಂಗುಲ ಅಂಗುಲವಾಗಿ ದಾಖಲಿಸುತ್ತಿದ್ದಾಗ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ಬಿತ್ತು, ಏನು ಉಳಿಯಿತು, ಯಾವುದನ್ನು ರಿಪೇರಿ ಮಾಡಿದರು ಎನ್ನುವುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಹಂಪಿಗೆ ಕ್ಯಾಮೆರಾ ಒಯ್ಯುವ ಪ್ರತಿಯೊಬ್ಬರೂ ಹೊರಡುವ ಮೊದಲು ಈ ಜೋಡಿ ಚಿತ್ರಗಳನ್ನು ನೋಡಬೇಕು ಎಂಬುದು ನನ್ನ ಆಸೆ. ನೋಡಿದವರು ಸೂರ್ಯಾಸ್ತವೊಂದನ್ನೇ ಹುಡುಕಿಕೊಂಡು ಓಡುವುದಿಲ್ಲ.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ನವೆಂಬರಿನಿಂದ ಫೆಬ್ರುವರಿಯವರೆಗೆ ಬೆಳಕೂ ಚೆನ್ನ, ಮೈಗೂ ಹಿತ. ಏಪ್ರಿಲ್–ಮೇ ತಿಂಗಳಲ್ಲಿ ಹತ್ತು ಗಂಟೆಗೇ ಬಂಡೆ ಕಾದು ಕಾಲಿಡಲಾಗುವುದಿಲ್ಲ. ಬೆಳಿಗ್ಗೆ ಹೇಮಕೂಟದಿಂದ ಶುರುಮಾಡುವುದು ಒಳ್ಳೆಯದು. ಅಲ್ಲಿರುವ ಮೆಟ್ಟಿಲು ಶಿಖರದ ಚಿಕ್ಕ ಗುಡಿಗಳಲ್ಲಿ ಕೆಲವು ವಿಜಯನಗರಕ್ಕಿಂತ ಹಳೆಯವು. ಇಳಿಜಾರು ಬಂಡೆಯ ಮೇಲೆ ನಿಂತರೆ ವಿರೂಪಾಕ್ಷ ಗುಡಿಯ ಸುಮಾರು 50 ಮೀಟರ್ ಎತ್ತರದ ಬಿಷ್ಟಪ್ಪಯ್ಯನ ಗೋಪುರ ಎದುರಿಗೇ ಏಳುತ್ತದೆ. ಇಲ್ಲಿಯ ಬೆಣಚುಕಲ್ಲು ಹೊತ್ತೇರಿದಂತೆ ಬಣ್ಣ ಬದಲಿಸುತ್ತದೆ. ಮೊದಲು ಬೂದಿ, ಆಮೇಲೆ ಕೆಂಪು ಬೆರೆತ ಹಳದಿ, ಒಂಬತ್ತರ ಹೊತ್ತಿಗೆ ಕಣ್ಣು ಕುಕ್ಕುವ ಬಿಳಿ. ಆ ಬಿಳಿ ಬರುವ ಮುನ್ನವೇ ಕೆಲಸ ಮುಗಿಸಬೇಕು.

ಗುಡಿಯೊಳಗೆ, ಗರ್ಭಗುಡಿಯ ಹಿಂದೆ, ಒಂದು ಕತ್ತಲೆ ಕೋಣೆಯಿದೆ. ಅದರ ಗೋಡೆಯಲ್ಲಿ ಸಣ್ಣ ಕಿಂಡಿ. ಆ ಕಿಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಇಡೀ ಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಜನ ಇದನ್ನು ಗೋಪುರದ ನೆರಳು ಎನ್ನುತ್ತಾರೆ. ಬಿಳಿ ಬಟ್ಟೆ ಹಿಡಿದರೆ ಕಳಸದವರೆಗೂ ಕಾಣುತ್ತದೆ. ಕ್ಯಾಮೆರಾದ ಮೂಲತತ್ವ ಇಷ್ಟೇ: ಕತ್ತಲೆಯ ಪೆಟ್ಟಿಗೆ, ಒಂದು ರಂಧ್ರ, ಎದುರಿಗೆ ಬಿಂಬ ಬೀಳಲು ಜಾಗ. ಲೆನ್ಸಿನ ಬೆಲೆಯ ಬಗ್ಗೆ ಚರ್ಚೆ ಮಾಡುವ ಗೆಳೆಯರನ್ನು ನಾನು ಮೊದಲು ಕರೆದೊಯ್ಯುವುದು ಇಲ್ಲಿಗೇ. ಮಕ್ಕಳಿದ್ದರಂತೂ ತಪ್ಪಿಸಲೇಬಾರದು. ಪಾಠದಲ್ಲಿ ಓದಿದ ಸೂಜಿರಂಧ್ರ ಕ್ಯಾಮೆರಾ ಅವರ ಮುಂದೆ ಗೋಡೆಯಷ್ಟು ದೊಡ್ಡದಾಗಿ ನಿಂತಿರುತ್ತದೆ.

ಗೋಪುರ ದಾಟಿ ಹೊರಬಂದರೆ ಹಂಪಿ ಬಜಾರು. ಎದುರು ಬಸವಣ್ಣನವರೆಗೆ ನೇರ ಬೀದಿ, ಎರಡೂ ಬದಿ ಕಂಬದ ಸಾಲುಮಂಟಪ. ಇವತ್ತು ಇದು ಖಾಲಿ. 2011ರ ಜುಲೈವರೆಗೆ ಈ ಮಂಟಪಗಳಲ್ಲಿ ಸಂಸಾರಗಳಿದ್ದವು, ಅಂಗಡಿ, ಹೋಟೆಲುಗಳಿದ್ದವು. ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಎಲ್ಲವನ್ನೂ ತೆರವು ಮಾಡಿದರು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಕಲ್ಲಿಗೆ ಅಂಟಿಸಿದ್ದ ಸಿಮೆಂಟು, ತಗಡು ಹೋಗಬೇಕಾಗಿತ್ತು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಬಜಾರಿನಲ್ಲಿ ಬಜಾರೇ ಇಲ್ಲದಂತಾಗಿದ್ದು ನನಗೆ ಇಂದಿಗೂ ಸಂಕಟದ ವಿಷಯ. ಜನ ಬದುಕಿದ್ದ ಆ ಬೀದಿ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಹೆಚ್ಚಾಗಿ ಸಿಗುವುದು ಪ್ರವಾಸಿಗಳ ಫೋಟೊಗಳಲ್ಲಿ. ಅದೂ ಅವರು ಬೇಡವೆಂದು ಬದಿಗಿಟ್ಟ ಫೋಟೊಗಳಲ್ಲಿ. ಚಂದದ ಫೋಟೊ ಬೇಕೆಂದು ಎಲ್ಲರೂ ಅಂಗಡಿಯನ್ನು ಚೌಕಟ್ಟಿನಿಂದ ಹೊರಗಿಟ್ಟರು. ಚಹಾ ಕಾಸುತ್ತಿದ್ದವರು, ಬಾಳೆಹಣ್ಣು ಮಾರುತ್ತಿದ್ದವರು ಎಲ್ಲೋ ಅಂಚಿನಲ್ಲಿ ಅರ್ಧಂಬರ್ಧ ಸಿಕ್ಕಿದ್ದಾರೆ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ನೆಲಸಮವಾದವು.

ಬಜಾರಿನ ತುದಿಯಿಂದ ನದಿ ದಂಡೆ ಹಿಡಿದು ವಿಠಲ ಗುಡಿಗೆ ನಡೆಯುವ ದಾರಿ ಹಂಪಿಯ ಅತ್ಯುತ್ತಮ ದಾರಿ. ಬ್ಯಾಟರಿ ಗಾಡಿಯಲ್ಲಿ ಆ ಕಡೆಯಿಂದ ಬರುವವರಿಗೆ ಇದು ಸಿಗುವುದಿಲ್ಲ. ಚಕ್ರತೀರ್ಥ, ಕೋದಂಡರಾಮನ ಗುಡಿ, ತುಲಾಭಾರದ ಕಲ್ಲುಕಂಬ, ನೀರಿನಲ್ಲಿ ಸಾಲಾಗಿ ನಿಂತ ಹಳೆಯ ಸೇತುವೆಯ ಕಂಬಗಳು, ಪುರಂದರ ಮಂಟಪ. ತುಂಗಭದ್ರಾ ಜಲಾಶಯ ತುಂಬಿ ಗೇಟು ಎತ್ತಿದ ವರ್ಷ ಪುರಂದರ ಮಂಟಪ ಮುಳುಗುತ್ತದೆ. ಬೇಸಿಗೆಯಲ್ಲಿ ಅದರ ಕಂಬಗಳ ಬುಡದ ಬಂಡೆಯ ಮೇಲೆ ನಡೆದಾಡಬಹುದು. ಒಂದೇ ಜಾಗದಲ್ಲಿ ನಿಂತು ಎರಡೂ ಕಾಲದಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ ನೋಡಿ, ಈ ನದಿಯ ಸ್ವಭಾವ ಅರ್ಥವಾಗುತ್ತದೆ.

ವಿಠಲ ಗುಡಿಯ ರಥ ಅಸಲಿಗೆ ಗರುಡನ ಗುಡಿ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಕುರುಹು ಇನ್ನೂ ಇದೆ. ರಥದ ಎದುರು ನಿಂತು ಸೆಲ್ಫಿ ತೆಗೆಸಿಕೊಳ್ಳುವ ಸಾವಿರಾರು ಜನರಲ್ಲಿ ಆ ಬಾಲದ ಫೋಟೊ ತೆಗೆಯುವವರು ತೀರ ಕಡಿಮೆ. ಸ್ಟ್ಯಾಂಡು ಬಳಸಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಂಬ ತಬ್ಬುವುದು, ಕಲ್ಲು ಹತ್ತುವುದು ಬೇಡ. 2019ರಲ್ಲಿ ಕೆಲವು ಹುಡುಗರು ಕಂಬ ಉರುಳಿಸಿದ ವಿಡಿಯೊ ಊರೆಲ್ಲ ಹರಿದಾಡಿತು. ಕೋರ್ಟು ದಂಡ ಹಾಕಿ, ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು.

ಕಮಲಾಪುರದ ಕಡೆಯ ಅರಮನೆ ಆವರಣದಲ್ಲಿ ನನಗೆ ಅತಿ ಪ್ರಿಯವಾದದ್ದು ಮೆಟ್ಟಿಲುಬಾವಿಯಂಥ ಒಂದು ಪುಷ್ಕರಣಿ. 1980ರ ದಶಕದ ಉತ್ಖನನದವರೆಗೆ ಅದು ಮಣ್ಣಿನಡಿ ಇತ್ತು. ಐದು ಹಂತ, ಕಪ್ಪು ಹಸಿರಿನ ನುಣುಪು ಕಲ್ಲು. ಸುತ್ತಲಿನ ಬೆಣಚುಕಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಬೇರೆಡೆ ಕಡೆದ ಕಲ್ಲನ್ನು ತಂದು ಇಲ್ಲಿ ಜೋಡಿಸಿದ್ದಾರೆ ಎನ್ನುತ್ತಾರೆ ವಿದ್ವಾಂಸರು. ಹತ್ತಿರದಿಂದ ನೋಡಿದರೆ ಕಲ್ಲಿನ ಮೇಲೆ ಕನ್ನಡ ಅಕ್ಷರ, ಅಂಕಿ, ಗೆರೆಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಜೋಡಿಸುವವರಿಗಾಗಿ ಕಲ್ಲುಕುಟಿಗರು ಮಾಡಿಕೊಂಡ ಗುರುತು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಇವು ಕಾಣುವುದೇ ಇಲ್ಲ. ಓರೆ ಬಿಸಿಲು ಬಿದ್ದಾಗ ಪ್ರತಿ ಗೀರಿನಲ್ಲೂ ಕೂದಲೆಳೆಯಷ್ಟು ನೆರಳು ಕೂತು ಅಕ್ಷರ ಎದ್ದುಬರುತ್ತದೆ. ಈಗ ಮೆಟ್ಟಿಲಿಗೆ ಇಳಿಯಲು ಬಿಡುವುದಿಲ್ಲ, ಅಂಚಿನಿಂದಲೇ ದೂರದ ಲೆನ್ಸಿನಲ್ಲಿ ತೆಗೆಯಬೇಕು. ಹಂಪಿಯ ದೊರೆಗಳ ಹೆಸರು ಶಾಸನಗಳಲ್ಲಿದೆ. ಇಲ್ಲಿ ಸಿಗುವುದು ಕೆಲಸಗಾರರ ಕೈಬರಹ. ಇದರ ಮುಂದೆ ಮಹಾನವಮಿ ದಿಬ್ಬ, ಕಮಲ ಮಹಲು, ಆನೆಲಾಯ ಎಲ್ಲ ನನಗೆ ಎರಡನೆಯ ಸಾಲಿನವು.

ಈ ಸ್ಮಾರಕಗಳ ನಡುವೆ ಹರಿಯುವ ತುರ್ತು ಕಾಲುವೆಯನ್ನು ಬಿಡಬಾರದು. ವಿಜಯನಗರದ ಕಾಲದ ಕಾಲುವೆ, ಇವತ್ತಿಗೂ ಬಾಳೆ, ಕಬ್ಬು, ಭತ್ತಕ್ಕೆ ನೀರು ಕೊಡುತ್ತಿದೆ. ಟಿಕೆಟ್ಟಿಲ್ಲ, ಫಲಕವಿಲ್ಲ, ಗೈಡುಗಳೂ ಅಲ್ಲಿ ನಿಲ್ಲಿಸುವುದಿಲ್ಲ. ಹಾಳು ಹಂಪಿ ಎನ್ನುತ್ತೇವಲ್ಲ, ಅದರಲ್ಲಿ ಹಾಳಾಗದೆ ಉಳಿದು ಕೆಲಸ ಮಾಡುತ್ತಿರುವುದು ಈ ನೀರು.

ಮಧ್ಯಾಹ್ನದ ನಂತರ ತಳವಾರಘಟ್ಟದಿಂದ ಹೊಳೆ ದಾಟಿ ಆನೆಗೊಂದಿಗೆ ಹೋಗಬೇಕು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ದುಂಡನೆಯ, ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು–ಇಪ್ಪತ್ತು ಜನ ಕೂರಬಹುದು, ನೇರ ಸಾಗದೆ ತಿರುಗುತ್ತಲೇ ಹೋಗುತ್ತವೆ. ಹರಿಗೋಲು ಈಗಲೂ ಹಾಗೆಯೇ ತಿರುಗುತ್ತದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ನೀರಿನ ಮಟ್ಟದಿಂದ ಒಂದು ಗೇಣು ಮೇಲೆ ಕ್ಯಾಮೆರಾ ಹಿಡಿದರೆ ಬಂಡೆಗುಡ್ಡಗಳು ಇನ್ನೊಂದೇ ರೀತಿ ಕಾಣುತ್ತವೆ. ಹುಟ್ಟು ಹಾಕುವವರು ಮಾತ್ರ ಒಂದೇ ಮಾತು ಹೇಳುತ್ತಾರೆ: ‘ಫೋಟೊ ಆಮ್ಯಾಲ ತಗೀರಿ ಸರ, ಮೊದ್ಲ ನಡುವ ಕುಂದ್ರಿ.’ ಅದನ್ನು ಪಾಲಿಸಲೇಬೇಕು. ಇಲ್ಲಿ ಕಟ್ಟುತ್ತಿದ್ದ ಹೊಸ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಇಂಥ ಸೇತುವೆಗಳ ವಿವಾದದಿಂದಲೇ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು.

ಆನೆಗೊಂದಿ ಹಂಪಿಗಿಂತ ಹಳೆಯ ಊರು, ಆದರೆ ಜನ ಬಾಳುತ್ತಿರುವ ಊರು. ಕೋಟೆ ಬಾಗಿಲಿನಲ್ಲಿ ಎಮ್ಮೆ ಹಾಯುತ್ತದೆ, ರಂಗನಾಥನ ಗುಡಿಯ ಮುಂದೆ ತೇರು ನಿಂತಿರುತ್ತದೆ, ಕಟ್ಟೆಯ ಮೇಲೆ ಹಿರಿಯರು ಕೂತಿರುತ್ತಾರೆ. ಕೇಳಿಯೇ ಫೋಟೊ ತೆಗೆಯಿರಿ. ಬೇಡವೆನ್ನುವವರು ಕಡಿಮೆ. ಬಾಳೆನಾರಿನ ಬುಟ್ಟಿ ಹೆಣೆಯುವ ಹೆಂಗಸರ ಕೈಗಳು, ಹುಚ್ಚಪ್ಪಯ್ಯನ ಮಠದ ಕಪ್ಪುಕಲ್ಲಿನ ಕಂಬಗಳು, ಎರಡನ್ನೂ ನೋಡದೆ ಬರಬಾರದು. ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಯರೂ ಸೇರಿದಂತೆ ಒಂಬತ್ತು ಯತಿಗಳ ವೃಂದಾವನಗಳಿವೆ. ನದಿ ಇಳಿದಿದ್ದರೆ ಮಾತ್ರ ಅಲ್ಲಿಗೆ ದೋಣಿ.

ಕೊನೆಗೆ ಒಂದು ಕೋರಿಕೆ, ಬಳ್ಳಾರಿ, ಹೊಸಪೇಟೆ, ಗಂಗಾವತಿ ಕಡೆಯ ಓದುಗರಿಗೆ ವಿಶೇಷವಾಗಿ. 1528ರಲ್ಲಿ ಕಡೆದ ಉಗ್ರನರಸಿಂಹನ ಮೊಣಕಾಲುಗಳ ನಡುವಿನ ಕಲ್ಲಿನ ಪಟ್ಟಿ ಈಗಿರುವ ರೂಪಕ್ಕೆ ಬಂದದ್ದು 1980ರ ದಶಕದ ದುರಸ್ತಿಯಲ್ಲಿ. ಅದಕ್ಕೂ ಮುಂಚೆ ಶಾಲೆಯ ಪ್ರವಾಸಕ್ಕೆ ಹೋಗಿ ಆ ಮೂರ್ತಿಯ ಮುಂದೆ ಸಾಲಾಗಿ ನಿಂತ ಮಕ್ಕಳ ಕಪ್ಪು–ಬಿಳುಪು ಫೋಟೊ ಎಷ್ಟೋ ಮನೆಗಳ ಟ್ರಂಕಿನಲ್ಲಿದೆ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ವರ್ಷ, ನಿಂತವರ ಹೆಸರು ಬರೆದಿಡಿ. ಒಂದು ಸ್ಕ್ಯಾನ್ ಮಾಡಿಸಿ, ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ಯಿರಿ. ಅದೇ ಜಾಗದಲ್ಲಿ, ಅದೇ ದೂರದಲ್ಲಿ ನಿಂತು ಇನ್ನೊಂದು ಫೋಟೊ ತೆಗೆಯಿರಿ, ಈ ಸಲ ನಿಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ.