ಚಾರಿಷನ್ ಪ್ರಹಸನದ ಕರಾವಳಿ: ನಕ್ಷೆಯಲ್ಲಿ ಗುರುತಿಸಬಹುದಾದುದೆಷ್ಟು?

ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬಲ್ಲಿನ ಹಳೆಯ ತಿಪ್ಪೆಗಳಲ್ಲಿ ದೊರೆತ ಪಪೈರಸ್ ಹಾಳೆಗಳ ಪೈಕಿ 413ನೆಯದು ಕನ್ನಡಿಗರ ಕುತೂಹಲವನ್ನು ಬಹುಕಾಲದಿಂದ ಸೆಳೆದಿದೆ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಇದನ್ನು 1903ರಲ್ಲಿ ಪ್ರಕಟಿಸಿದರು. ಹಾಳೆಯು ಕ್ರಿ. ಶ. ಎರಡನೆಯ ಶತಮಾನದ್ದೆಂದು ಎಣಿಸಲಾಗಿದೆ. ಅದರಲ್ಲಿರುವುದು ಒಂದು ಗ್ರೀಕ್ ಪ್ರಹಸನ. ಅದರ ಕಥೆ ನಡೆಯುವುದು ಭರತಖಂಡದ ಒಂದು ಕಡಲ ತೀರದಲ್ಲಿ. ಆ ತೀರ ಯಾವುದು? ಅದನ್ನು ನಕ್ಷೆಯಲ್ಲಿ ಗುರುತಿಸಬಹುದೆ? ಇದೇ ಇಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯ.

ಮೊದಲು ಕಥೆ. ಚಾರಿಷನ್ ಎಂಬ ಗ್ರೀಕ್ ಕನ್ಯೆ ಇಂಡಿಯಾದ ಒಬ್ಬ ಅರಸನ ವಶದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಇದ್ದಾಳೆ. ಅವಳ ಅಣ್ಣನೂ ಸಂಗಡಿಗರೂ ಹಡಗಿನಲ್ಲಿ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸಿ, ಮತ್ತರಾದವರನ್ನು ಕಟ್ಟಿಹಾಕಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ದೇವಿಯ ಕಾಣಿಕೆಗಳನ್ನೂ ಕದ್ದೊಯ್ಯೋಣವೆಂದು ವಿದೂಷಕನು ಸೂಚಿಸಿದರೆ ಚಾರಿಷನ್ ಒಪ್ಪುವುದಿಲ್ಲ. ವಿದೂಷಕನು ಶತ್ರುಗಳನ್ನು ಬೆದರಿಸುವ ಆಯುಧವು ಅಪಾನವಾಯು. ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ಈ ಭಾಗವನ್ನು ಬೇಗನೆ ದಾಟಿಬಿಡುವುದುಂಟು. ಯೂರಿಪಿಡೀಸನ ‘ಇಫಿಜೀನಿಯ’ ನಾಟಕದ ಛಾಯೆ ಈ ಕಥೆಯ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ಅಲ್ಲಿಯೂ ಪರದೇಶದ ತೀರ, ದೇವಿಯ ಗುಡಿ, ಅಕ್ಕನನ್ನು ಕರೆದೊಯ್ಯುವ ತಮ್ಮ ಇದ್ದಾರೆ. ಅಂದಮೇಲೆ ಗುಡಿಯನ್ನು ನಮ್ಮ ಕರಾವಳಿಯಲ್ಲಿ ಹುಡುಕುವುದಕ್ಕಿಂತ ಗ್ರೀಕ್ ರಂಗಭೂಮಿಯಲ್ಲಿ ಹುಡುಕುವುದು ಲೇಸು.

ನದಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಪ್ಸೋಲಿಖೋಸ್ ಎಂಬ ನದಿಯೊಂದು ಪ್ರಹಸನದಲ್ಲಿ ಉಕ್ತವಾಗಿದೆ. ಈ ಹೆಸರು ಗ್ರೀಕ್ ಭಾಷೆಯ ಒಂದು ಗ್ರಾಮ್ಯಪದವನ್ನು ನೆನಪಿಗೆ ತರುವಂತಹುದು. ನೋಟಕರನ್ನು ನಗಿಸಲೆಂದೇ ಕಲ್ಪಿತವಾದುದೆಂದು ತೋರುತ್ತದೆ. ಇದನ್ನು ನೇತ್ರಾವತಿಯೆಂದೋ ಸ್ವರ್ಣೆಯೆಂದೋ ಹೇಳಹೊರಡುವುದು ವ್ಯರ್ಥಪ್ರಯಾಸ.

ಹಾಗಾದರೆ ಕರಾವಳಿಯೆಲ್ಲವೂ ಕಲ್ಪಿತವೆ? ಹಾಗೂ ಹೇಳಲಾಗದು. 1904ರಲ್ಲಿ ಹುಲ್ಟ್‌ಶ್ ಎಂಬ ಶಾಸನಜ್ಞರು, ಅರಸನೂ ಅವನ ಜನರೂ ಆಡುವ ಅರ್ಥವಾಗದ ಮಾತುಗಳಲ್ಲಿ ಕೊಂಚ, ಮಧು, ಪಾತ್ರ ಮುಂತಾದ ಶಬ್ದಗಳನ್ನು ಕಂಡು, ಅದು ಕನ್ನಡವೆಂದು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1926ರಲ್ಲಿ ಬಾರ್ನೆಟ್ ಇದನ್ನು ನಿರಾಕರಿಸಿದರು. ಅದೇ ಮಾತುಗಳನ್ನು ತುಳುವೆಂದು ಓದಿದವರೂ ಉಂಟು. ‘ಮಲ್ಪಿ’ ಎಂದು ಓದಬಹುದಾದ ಅಕ್ಷರಗಳಿಂದ ಕೆಲವರು ಮಲ್ಪೆಯನ್ನು ಸಾಧಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಭಾಷೆ ಕನ್ನಡವಾದುದರಿಂದ ಸ್ಥಳವು ಮಲ್ಪೆ, ಸ್ಥಳವು ಮಲ್ಪೆಯಾದುದರಿಂದ ಭಾಷೆ ಕನ್ನಡ—ಈ ಬಗೆಯ ವಾದವು ತನ್ನ ಬಾಲವನ್ನು ತಾನೇ ನುಂಗುವ ಹಾವಿನಂತಹುದು. ಹಲ್ಮಿಡಿ ಶಾಸನವು ಸುಮಾರು 450ರದು. ಅದಕ್ಕಿಂತ ಎರಡು ಮೂರು ಶತಮಾನ ಹಿಂದಿನ ಆಡುಮಾತನ್ನು, ಗ್ರೀಕ್ ಲಿಪಿಕಾರನ ಕಿವಿಯನ್ನು ನಂಬಿ, ಇಂದಿನ ರೂಪಗಳಿಂದ ನಿರ್ಣಯಿಸುವುದು ಸಾಹಸವೇ ಸರಿ.

ಭಾಷೆಯನ್ನು ಬದಿಗಿಟ್ಟು ನೋಡಿದರೆ ನಮಗೆ ದೊರೆಯುವ ಆಧಾರ ನಾವಿಕರದು. ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿಯು, ಮುಜಿರಿಸ್ ಬಂದರು ನಿಟ್ರಿಯಸ್‌ನ ಕಡಲ್ಗಳ್ಳರ ದೆಸೆಯಿಂದ ಹಿತಕರವಲ್ಲವೆಂದು ಬರೆದಿದ್ದಾನೆ. ‘ಪೆರಿಪ್ಲಸ್’ ಗ್ರಂಥವು ಶ್ವೇತದ್ವೀಪದ ಉತ್ತರದ ಕಡಲಿನಲ್ಲಿ ಕಳ್ಳರಿದ್ದರೆಂದೂ, ಆ ದ್ವೀಪದ ಮುಂದೆ ನೌರ, ತಿಂಡಿಸ್ ಬಂದರುಗಳೆಂದೂ ಹೇಳುತ್ತದೆ. ಟಾಲೆಮಿಯು ಕಳ್ಳರ ತೀರದಲ್ಲಿಯೇ ನಿಟ್ರ ಎಂಬ ಪೇಟೆಯನ್ನು ಎಣಿಸಿದ್ದಾನೆ. ಇದನ್ನು ನೇತ್ರಾವತಿಯ ಅಳಿವೆಯಲ್ಲಿ ಇಡುವವರುಂಟು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವೆನ್ನುವವರೂ ಉಂಟು. ಕುಕ್ ಟೌನಿನಲ್ಲಿ, ಕಡಲ ಗಾಳಿಯೂ ಸುಳಿಯದ ಕಡೆ, ನಕ್ಷೆಯನ್ನು ಹಾಸಿಕೊಂಡು ಕುಳಿತವರಿಗೆ ಈ ಎರಡರ ಅಂತರ ಗೇಣುದ್ದವೂ ಅಲ್ಲ. ಹಾಯಿಯ ನಾವಿಕನಿಗೆ ಅದು ಪ್ರಯಾಣವೇ. ಹಡಗನ್ನು ಹಿಡಿಯುವ, ಪರದೇಶದವರನ್ನು ಸೆರೆಯಿಡುವ ತೀರವೊಂದು ಪಶ್ಚಿಮದಲ್ಲಿದೆ ಎಂಬುದು ಅಲೆಕ್ಸಾಂಡ್ರಿಯದ ನಾವಿಕರ ನಿತ್ಯಾನುಭವ. ಪ್ರಹಸನಕಾರನಿಗೆ ಬೇಕಾದುದು ಅಷ್ಟೇ, ಬಂದರಿನ ಹೆಸರಲ್ಲ.

ಆದಕಾರಣ ನಾವು ಸಿದ್ಧಪಡಿಸಿರುವ ನಕ್ಷೆಯಲ್ಲಿ ನೇತ್ರಾಣಿಯಿಂದ ನೇತ್ರಾವತಿಯವರೆಗಿನ ತೀರವನ್ನು ಚುಕ್ಕೆಗೆರೆಯಿಂದ ತೋರಿಸಿದೆ. ಟಾಲೆಮಿಯ ಹೆಸರುಗಳು ಮಸಿಯಲ್ಲಿವೆ; ಮಲ್ಪೆಯನ್ನು ಪೆನ್ಸಿಲಿನಿಂದ, ಪ್ರಶ್ನಾರ್ಥಕ ಚಿಹ್ನೆಯೊಡನೆ, ಬರೆದಿದೆ. ಗುಡಿಯನ್ನೂ ಪ್ಸೋಲಿಖೋಸ್ ನದಿಯನ್ನೂ ಗುರುತಿಸಿಲ್ಲ.