ಟಬ್ಬಿನ ಮೇಲೊಂದು ಷವರ್

ಎಪ್ಪತ್ತು ದಾಟಿದ ಮೇಲೆ ಸ್ನಾನವೂ ಒಂದು ಸಮಸ್ಯೆಯಾದೀತೆಂದು ನಾನು ಎಣಿಸಿರಲಿಲ್ಲ. ಎರಡು ವರ್ಷದ ಹಿಂದೆ, ನವೆಂಬರ್ ಚಳಿಯಲ್ಲಿ, ನಾನೂ ನನ್ನಾಕೆಯೂ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿರುವ ಮಗನ ಮನೆಗೆ ಹೋದೆವು. ಸೊಸೆಗೆ ಜನವರಿಯಲ್ಲಿ ಎರಡನೇ ಹೆರಿಗೆ. ಆರು ತಿಂಗಳ ವೀಸಾ, ಜೊತೆಗೆ ಬಾಣಂತಿ ಲೇಹ್ಯದ ಡಬ್ಬಿ.

ಹಳೇ ಕಟ್ಟಡದ ಎರಡನೇ ಮಹಡಿಯ ಬಾಡಿಗೆ ಫ್ಲ್ಯಾಟ್. ಎಲ್ಲವೂ ಅಚ್ಚುಕಟ್ಟು, ಬಚ್ಚಲುಮನೆಯೊಂದು ಬಿಟ್ಟು. ಅಲ್ಲಿ ಮೊಣಕಾಲಿಗಿಂತ ಎತ್ತರದ ಬಿಳಿ ಟಬ್ಬು. ಅದರ ಒಂದು ತುದಿಯಲ್ಲಿ ಎರಡು ನಲ್ಲಿ. ಒಂದರಲ್ಲಿ ಮೈ ಸುಡುವ ಬಿಸಿನೀರು, ಇನ್ನೊಂದರಲ್ಲಿ ಮೂಳೆ ಕೊರೆಯುವ ತಣ್ಣೀರು. ಎರಡನ್ನೂ ಬಿಟ್ಟುಕೊಂಡು ಟಬ್ಬು ತುಂಬಿಸಿ ಅದರೊಳಗೆ ಕೂರಬೇಕು. ಷವರ್ ಇಲ್ಲ.

“ಪಕ್ಕದಲ್ಲಿ ಬಕೆಟ್ಟು, ಚೊಂಬು ಇಟ್ಟುಕೊಂಡು ಮಿಂದರಾಯಿತು” ಎಂದೆ. ಮಗ ಗಾಬರಿಯಾದ. “ಅಪ್ಪಾ, ನೆಲಕ್ಕೆ ನೀರು ಬೀಳಿಸಬೇಡಿ! ಇಲ್ಲಿ ನೆಲದ ನೀರು ಹೋಗೋಕೆ ತೂತೇ ಇಲ್ಲ. ಕೆಳಗಿನ ಮನೆಯವರ ತಲೆ ಮೇಲೆ ಸೋರುತ್ತೆ.”

ನಾನು ಹೇಗೋ ಟಬ್ಬು ಹತ್ತಿ ಇಳಿಯುತ್ತಿದ್ದೆ. ನನ್ನಾಕೆಗೆ ಎರಡೂ ಮಂಡಿ ನೋವು. ಆದರೂ ಅವಳು ದಿನಾ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು, ಬರುತ್ತಿದ್ದಳು. ಒಂದು ವಾರ ಕಳೆದ ಮೇಲೆ ನನ್ನ ಗಮನಕ್ಕೆ ಬಂತು: ಅವಳ ಟವೆಲು ಒದ್ದೆಯಾಗುತ್ತಲೇ ಇರಲಿಲ್ಲ.

ಕೇಳಿದೆ. “ಅದನ್ನ ಕಾಲೆತ್ತಿ ದಾಟೋಕೆ ಭಯ ಆಗುತ್ತೆ ರೀ. ಒದ್ದೆ ಬಟ್ಟೇಲಿ ಮೈ ಒರೆಸ್ಕೋತಿದೀನಿ. ನಾನೇ ಬಿದ್ದು ಮಲಗಿದ್ರೆ ಬಾಣಂತೀನ ನೋಡೋರು ಯಾರು? ಮಗನಿಗೆ ಹೇಳಬೇಡಿ, ಸುಮ್ಮನೆ ಬೇಜಾರು ಮಾಡ್ಕೋತಾನೆ” ಎಂದಳು. ಬಾಣಂತಿಗೆ ಬಿಸಿನೀರು ಎರೆಯಲು ಸಮುದ್ರ ದಾಟಿ ಬಂದವಳು ತಾನೇ ಮೀಯಲಾರದೆ ಕೂತಿದ್ದಳು!

ಅವಳ ಮಾತು ಮೀರಿ ಮಗನಿಗೆ ಹೇಳಿದೆ. ಅವನ ಮುಖ ಸಪ್ಪಗಾಯಿತು. “ಬಾಡಿಗೆ ಮನೆ ಅಪ್ಪಾ. ಗೋಡೆಗೆ ಒಂದು ತೂತು ಕೊರೆದರೂ ಡಿಪಾಜಿಟ್‌ನಲ್ಲಿ ಹಿಡೀತಾರೆ” ಎಂದ.

“ಓನರನ್ನು ಕೇಳಿದೆಯಾ?”

“ಇಲ್ಲ.”

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದು ಹೊಸದಲ್ಲ. ಸಿಗಲಾರದೆಂದು ತಾವೇ ತೀರ್ಮಾನಿಸಿ ಅರ್ಜಿಯನ್ನೇ ಹಾಕದೆ ಹೋದವರು ಎಷ್ಟೋ ಮಂದಿ. ಆ ದೇಶದ ನಿಯಮವನ್ನೂ ಓದಿಕೊಂಡೆ. 2019ರ ಕಾನೂನಿನ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ನಮಗೆ ಇದೇ ಒಂದು ಸೋಜಿಗ. ಆ ಹಣವನ್ನೂ ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಯಲ್ಲಿ ಇಡಬೇಕು. ಆದರೆ ಅನುಮತಿಯಿಲ್ಲದೆ ಕೊರೆದರೆ ತಪ್ಪು ನಮ್ಮದೇ.

ಅಪ್ಪ ಮಗ ಕೂತು ಪತ್ರ ಬರೆದೆವು. ಏನು ಹಾಕಿಸುತ್ತೇವೆ, ಯಾರ ಕೈಲಿ ಹಾಕಿಸುತ್ತೇವೆ, ಖರ್ಚು ಯಾರದು, ಮನೆ ಬಿಡುವಾಗ ಅದೇನಾಗಬೇಕು – ನಾಲ್ಕೇ ಮಾತು. ಕಾರಣವನ್ನೂ ಮುಚ್ಚಿಡಲಿಲ್ಲ: ಮನೆಯಲ್ಲಿ ವಯಸ್ಸಾದ ಹೆಂಗಸಿದ್ದಾರೆ, ಬಾಣಂತಿ ಬರುವವಳಿದ್ದಾಳೆ.

ಉತ್ತರ ಬರುವ ತನಕ ಸುಮ್ಮನಿರಲಾರದೆ ಮಗ ಒಂದು ರಬ್ಬರ್ ಷವರ್ ತಂದ. ಕವಲಾದ ಕೊಳವೆ, ಎರಡು ನಲ್ಲಿಗೆ ಎರಡು ಬಾಯಿ ಸಿಕ್ಕಿಸುವುದು. ಆ ಮನೆಯ ತಣ್ಣೀರು ನೇರ ರಸ್ತೆಯ ಪೈಪಿನಿಂದ ರಭಸವಾಗಿ ಬರುತ್ತದೆ. ಬಿಸಿನೀರು ಮನೆಯೊಳಗಿನ ಸಿಲಿಂಡರಿನದು. ಅದನ್ನು ತಳ್ಳುವುದು ಮೇಲಿರುವ ಪುಟ್ಟ ಟ್ಯಾಂಕಿನ ನೀರಿನ ಭಾರ ಮಾತ್ರ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ ಎಂಬುದು ಲೆಕ್ಕ. ನಮ್ಮ ಟ್ಯಾಂಕು ಷವರಿಗಿಂತ ಒಂದು ಮೀಟರ್ ಕೂಡ ಮೇಲಿರಲಿಲ್ಲ. ಎಂಟು ವರ್ಷದ ಮೊಮ್ಮಗಳು ಗಡಿಯಾರ ಹಿಡಿದಳು, ನಾನು ಬಕೆಟ್ಟು ಹಿಡಿದೆ. ನಿಮಿಷಕ್ಕೆ ತಣ್ಣೀರು 10 ಲೀಟರ್, ಬಿಸಿನೀರು 3. “ತಾತಾ, ಇವರಿಬ್ಬರೂ ಜೋಡಿ ಆಗಲ್ಲ” ಎಂದು ಅವಳೇ ತೀರ್ಪು ಕೊಟ್ಟಳು. ನಿಜವೇ ಆಯಿತು. ನಾನು ಮೀಯುವಾಗ ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು. ಷವರಿನಲ್ಲಿ ತಣ್ಣೀರು ತಗ್ಗಿತು, ಬೆನ್ನು ಚುರ್ ಎಂದಿತು. ರಬ್ಬರ್ ಷವರನ್ನು ಕಿತ್ತಿಟ್ಟೆವು.

ಐದನೆಯ ದಿನ ಓನರಿನ ಒಪ್ಪಿಗೆ ಬಂತು. ಷರತ್ತು ಎರಡು: ಅರ್ಹ ಎಲೆಕ್ಟ್ರಿಷಿಯನ್ ಕೆಲಸ ಮಾಡಿ ಸರ್ಟಿಫಿಕೇಟ್ ಕೊಡಬೇಕು, ಮನೆ ಬಿಡುವಾಗ ಷವರನ್ನು ಅಲ್ಲೇ ಬಿಟ್ಟುಹೋಗಬೇಕು. ಎರಡು ವರ್ಷ ಕೇಳದೇ ಇದ್ದದ್ದಕ್ಕೆ ಮಗ ತಲೆ ಕೆರೆದುಕೊಂಡ.

ಹಾಕಿಸಿದ್ದು ಎಲೆಕ್ಟ್ರಿಕ್ ಷವರ್. ಇದಕ್ಕೆ ರಸ್ತೆಯ ಪೈಪಿನ ತಣ್ಣೀರೊಂದೇ ಸಾಕು. ಹರಿಯುವಾಗಲೇ ಕಾಯಿಸಿ ಕೊಡುತ್ತದೆ. ನಮ್ಮೂರಿನ ಗೀಸರು 2 ಕಿಲೋವ್ಯಾಟ್ ಆದರೆ ಇದು 8.5 ಕಿಲೋವ್ಯಾಟ್! ಸುಮಾರು 37 ಆಂಪಿಯರ್ ಎಳೆಯುವುದರಿಂದ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ದಪ್ಪ ವೈರು ಬೇಕು. ಒದ್ದೆ ಕೈಗೆ ಸಿಗುವಂತೆ ಗೋಡೆಯ ಸ್ವಿಚ್ಚು ಇರಕೂಡದು. ಸೂರಿನಿಂದ ಇಳಿಬಿಟ್ಟ ದಾರ ಎಳೆದರೆ ಕರೆಂಟು. ಚಳಿಗಾಲದ ಕೊರೆಯುವ ನೀರನ್ನು 40 ಡಿಗ್ರಿಗೆ ಕಾಯಿಸಬೇಕಾದ್ದರಿಂದ ಧಾರೆ ಸಣ್ಣದು, ನಿಮಿಷಕ್ಕೆ ಸುಮಾರು 4 ಲೀಟರ್. “ಹಾಗಾದ್ರೆ ಹದಿನೈದು ಸೆಕೆಂಡಿಗೆ ಒಂದು ಚೊಂಬು” ಎಂದು ಮೊಮ್ಮಗಳು ಲೆಕ್ಕ ಹಾಕಿದಳು. “ನಾನು ಹುಯ್ಕೊಳ್ಳೋದೂ ಅಷ್ಟೇ ಕಣೇ” ಎಂದಳು ಅಜ್ಜಿ.

ಕೆಲಸಗಾರ ಗೋಡೆ ಮತ್ತು ಟಬ್ಬಿನ ನಡುವಿನ ಸಂದಿಗೆ ಸಿಲಿಕೋನ್ ಹಚ್ಚುವ ಮೊದಲು ಟಬ್ಬಿನ ತುಂಬ ನೀರು ತುಂಬಿಸಿದ. ಯಾಕೆಂದು ಕೇಳಿದೆ. ನೀರಿನ ಭಾರಕ್ಕೆ ಟಬ್ಬು ಕೂದಲೆಳೆಯಷ್ಟು ಕೆಳಗಿಳಿಯುತ್ತದಂತೆ. ಖಾಲಿ ಟಬ್ಬಿಗೆ ಹಚ್ಚಿದರೆ ಜನ ನಿಂತ ದಿನವೇ ಸಂದಿ ಬಾಯಿಬಿಟ್ಟು ಕೆಳಗಿನ ಮನೆಗೆ ಸೋರುತ್ತದೆ. ಸಿಲಿಕೋನ್ ಗಟ್ಟಿಯಾಗುವವರೆಗೆ ಆ ನೀರನ್ನು ಬಿಡಲಿಲ್ಲ. ಪರದೆಯ ತುದಿಯನ್ನೂ ಯಾವಾಗಲೂ ಟಬ್ಬಿನ ಒಳಕ್ಕೇ ಇಳಿಬಿಡಬೇಕೆಂದು ಹೇಳಿಹೋದ.

ಷವರ್ ಬಂದರೂ ಟಬ್ಬಿನ ಎತ್ತರ ಇಳಿಯಲಿಲ್ಲವಲ್ಲ? ಅದಕ್ಕೆ ಟಬ್ಬಿನ ಅಡ್ಡಕ್ಕೆ ಭದ್ರವಾಗಿ ಕೂರುವ ಒಂದು ಹಲಗೆ, ಒಳಗೆ ರಬ್ಬರ್ ಚಾಪೆ, ಗೋಡೆಗೆ ಒಂದು ಹಿಡಿ. ಹಲಗೆಯ ಮೇಲೆ ಹೊರಗಿನಿಂದಲೇ ಕೂತು, ಹಿಡಿ ಹಿಡಿದು, ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡು, ಕೂತಲ್ಲೇ ಕೈಷವರಿನಿಂದ ಮೀಯಬಹುದು. ಷವರ್ ಇಲ್ಲದಿದ್ದರೆ ಹಲಗೆ ದಂಡ. ಹಲಗೆ ಇಲ್ಲದಿದ್ದರೆ ಅವಳಿಗೆ ಷವರ್ ದಂಡ.

ನಮ್ಮೂರಿನಲ್ಲಿ ಬಾಡಿಗೆಗಿರುವವರಿಗೂ ಈ ಮಾತು ಒಪ್ಪುತ್ತದೆ. ಓನರನ್ನು ಬರವಣಿಗೆಯಲ್ಲಿ ಕೇಳಿ. ಷವರ್ ಕೊಳ್ಳುವ ಮುಂಚೆ ಬಕೆಟ್ಟು, ಗಡಿಯಾರ ಹಿಡಿದು ನೀರು ಅಳೆಯಿರಿ. ತಾರಸಿಯ ಟ್ಯಾಂಕಿಗೆ ತೀರ ಹತ್ತಿರದ ಮೇಲಿನ ಮಹಡಿಯಲ್ಲಿ ಧಾರೆ ಸೊರಗಿರುತ್ತದೆ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ‘ಏನೂ ತೊಂದರೆ ಇಲ್ಲ’ ಅಂದರೆ ಅಲ್ಲಿಗೇ ಬಿಡಬೇಡಿ, ಬಚ್ಚಲುಮನೆಯನ್ನೊಮ್ಮೆ ನೋಡಿ ಬನ್ನಿ.

ಆ ದಿನ ನನ್ನಾಕೆ ಒಳಗೆ ಹೋದವಳು ಇಪ್ಪತ್ತು ನಿಮಿಷ ಬರಲಿಲ್ಲ. ನಾನೂ ಮಗನೂ ಬಾಗಿಲ ಹೊರಗೇ ನಿಂತಿದ್ದೆವು. ಕೆಂಪಗಾದ ಮುಖ ಹೊತ್ತು ಬಂದವಳು ಮಗನಿಗೆ, “ಬಾಣಂತಿಗೂ ಇದೇ ಸಾಕು ಕಣೋ” ಎಂದಳು. ಬಾಗಿಲ ಹಿಂದಿನ ಗೂಟದಲ್ಲಿ ಅವಳ ಟವೆಲು ತೊಟ್ಟಿಕ್ಕುತ್ತಿತ್ತು.