ಬ್ಲೀಚ್ ಬಾಟಲಿಯ ಜಮಾ-ಖರ್ಚು

ಮಕ್ಕಳೇ, ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಮೊಮ್ಮಗಳ ಪುಸ್ತಕದಲ್ಲಿ ರಾಸಾಯನಿಕ ಸಮೀಕರಣಗಳನ್ನು ಕಂಡಾಗ ಹಳೆಯ ಗೆಳೆಯ ಸಿಕ್ಕಂತಾಯಿತು. ಎಡಗಡೆಯ ಮೊತ್ತ ಬಲಗಡೆಯ ಮೊತ್ತಕ್ಕೆ ತಾಳೆಯಾಗಬೇಕು, ಅಷ್ಟೇ! ಬ್ಯಾಂಕಿನಲ್ಲಿ ರೂಪಾಯಿ, ಇಲ್ಲಿ ಗ್ರಾಂ. ಈ ಲೆಕ್ಕಕ್ಕೆ ಸ್ಟಾಯ್ಕಿಯೊಮೆಟ್ರಿ ಎಂಬ ಉದ್ದನೆಯ ಹೆಸರಿದೆ.

ಬಿಳಿ ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ದ್ರಾವಣವನ್ನೇ ನೋಡೋಣ. ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ತಣ್ಣನೆಯ ನೀರಿಗೆ ಕ್ಲೋರಿನ್ ಅನಿಲವನ್ನು ಹಾಯಿಸುತ್ತಾರೆ. ಆಗ ಸೋಡಿಯಂ ಹೈಪೋಕ್ಲೋರೈಟ್ ಹುಟ್ಟುತ್ತದೆ. ಕಲೆ ತೆಗೆಯುವುದು ಇದೇ. ಜೊತೆಗೆ ನಮ್ಮ ಅಡುಗೆ ಉಪ್ಪು ಮತ್ತು ನೀರು ಬರುತ್ತವೆ.

ಈಗ ಲೆಡ್ಜರ್ ತೆರೆಯಿರಿ.

ಎಡಗಡೆ: ಕ್ಲೋರಿನ್ 71 ಗ್ರಾಂ, ಕಾಸ್ಟಿಕ್ ಸೋಡಾ 80 ಗ್ರಾಂ. ಒಟ್ಟು 151.
ಬಲಗಡೆ: ಹೈಪೋಕ್ಲೋರೈಟ್ 74.5 ಗ್ರಾಂ, ಉಪ್ಪು 58.5 ಗ್ರಾಂ, ನೀರು 18 ಗ್ರಾಂ. ಒಟ್ಟು 151.

ತಾಳೆಯಾಯಿತಲ್ಲ!

ಒಂದು ಲೀಟರ್ ಬ್ಲೀಚಿನಲ್ಲಿ 50 ಗ್ರಾಂ ಹೈಪೋಕ್ಲೋರೈಟ್ ಇರಬೇಕೆಂದುಕೊಳ್ಳಿ. ಎಷ್ಟು ಕ್ಲೋರಿನ್ ಬೇಕು? ಅಜ್ಜ-ಅಜ್ಜಿಯರಿಗೆ ಗೊತ್ತಿರುವ ತ್ರೈರಾಶಿ ಸಾಕು. 74.5ಕ್ಕೆ 71 ಆದರೆ 50ಕ್ಕೆ? 50ನ್ನು 71ರಿಂದ ಗುಣಿಸಿ, 74.5ರಿಂದ ಭಾಗಿಸಿ. ಸುಮಾರು 48 ಗ್ರಾಂ ಬರುತ್ತದೆ. ನಮ್ಮ ಮನೆಯೊಳಗಿನ ಬಿಸುಪಿನಲ್ಲಿ ಅಷ್ಟು ಅನಿಲ ಸುಮಾರು 16 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ಸ್ನಾನದ ಒಂದು ಬಕೆಟ್ ತುಂಬ ಅನಿಲ ಆ ಪುಟ್ಟ ಬಾಟಲಿಯಲ್ಲಿ ಜಮೆಯಾಗಿದೆ!

ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ. ಕ್ಲೋರಿನ್ ವಿಷಾನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ.

ಜಮೆ ಮಾಡಿದ್ದನ್ನು ಹಿಂದಕ್ಕೆ ಪಡೆಯಲು ಬ್ಯಾಂಕಿನಲ್ಲಿ ಚೀಟಿ ಬೇಕು. ಬ್ಲೀಚಿನ ಖಾತೆಗೆ ಆ ಚೀಟಿಯೇ ಆಸಿಡ್. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಒಳಗಿದ್ದ ಕ್ಲೋರಿನ್ ಹೊರಬರುತ್ತದೆ. ಸಾಕಷ್ಟು ಆಸಿಡ್ ಬಿದ್ದರೆ ಆ 48 ಗ್ರಾಮೂ ವಾಪಸ್! ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಕೂತು ನೆಲ ಉಜ್ಜುವವರ ಮೂಗು ಇರುವುದೂ ಅಲ್ಲೇ.

ಆದ್ದರಿಂದ ಹಿರಿಯರೇ, "ಎರಡೂ ಹಾಕಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತದೆ" ಎಂಬ ಮಾತನ್ನು ಬಿಟ್ಟುಬಿಡಿ. ವಿನೆಗರ್, ನಿಂಬೆರಸವನ್ನೂ ಬೆರೆಸಬೇಡಿ. ಎರಡು ಬಾಟಲಿಗಳನ್ನೂ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಘಾಟು ಬಂದರೆ ತಕ್ಷಣ ಹೊರಗಿನ ಗಾಳಿಗೆ ಬನ್ನಿ; ಕೆಮ್ಮು, ಉಸಿರುಕಟ್ಟುವಿಕೆ ಇದ್ದರೆ ವೈದ್ಯರ ಬಳಿ ಹೋಗಿ.

ಮಕ್ಕಳೇ, ನಿಮಗೊಂದು ಲೆಕ್ಕ: ಅದೇ ಬಾಟಲಿಗೆ ಕಾಸ್ಟಿಕ್ ಸೋಡಾ ಎಷ್ಟು ಬೇಕು?

(ಉತ್ತರ: ಸುಮಾರು 54 ಗ್ರಾಂ)